ಎರೆಯ ಮೇಲಣ ಮೊಸಾಯಿಕ್



ಒಡೆದ ಬಸಿ, ಬಣ್ಣದ ಗಾಜು, ಹಳೆಯ ಬಿಲ್ಲೆ ಇವುಗಳ ಚೂರುಗಳನ್ನು ಹಲಗೆಯ ಮೇಲೆ ಕೂಡಿಸಿ ಚಿತ್ರ ಕಟ್ಟುವ ಕಲೆಯನ್ನು ಕುರಿತು ನಾಲ್ಕು ಮಾತನಾಡುವೆನೆಂದು ಒಪ್ಪಿಕೊಂಡವನು ಮೊದಲಿಗೇ ಮಣ್ಣಿನ ಪ್ರಸ್ತಾಪವನ್ನೆತ್ತಿದರೆ ವಿಷಯಾಂತರವೆಂದು ತಮಗೆ ತೋರಬಹುದು. ಆದರೆ ನಾನು ಈ ಕೆಲಸವನ್ನು ಹತ್ತಿರದಿಂದ ಕಂಡದ್ದು ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ; ಅಲ್ಲಿ ನೆಲಕ್ಕೆ ಒಂದು ಬಿಲ್ಲೆಯನ್ನು ಕೂಡಿಸಬೇಕಾದರೂ ಕೆಳಗಿನ ಮಣ್ಣಿನ ಮರ್ಜಿಯನ್ನು ವಿಚಾರಿಸಬೇಕಾಗುವುದರಿಂದ ಪೀಠಿಕೆಯನ್ನು ಅಲ್ಲಿಂದಲೇ ಹಾಕುವುದು ಲೇಸು.

ನವಲಗುಂದ, ಅಣ್ಣಿಗೇರಿಗಳ ಕಡೆಯ ಎರೆಹೊಲವನ್ನು ತುಳಿದವರಿಗೆ ಡಲ್ಲಾಸಿನ ಸುತ್ತಣ ಭೂಮಿ ಅಪರಿಚಿತವಲ್ಲ. ಡಲ್ಲಾಸಿನ ಉತ್ತರದಿಂದ ಹೊರಟು, ಆಸ್ಟಿನ್ ನಗರದ ಪೂರ್ವದ ಮಗ್ಗುಲನ್ನು ಸವರಿಕೊಂಡು, ಸ್ಯಾನ್ ಆಂಟೋನಿಯೋದವರೆಗೆ ಹಬ್ಬಿರುವ ಕರಿಯ ಜಿಗುಟು ಮಣ್ಣಿನ ಪಟ್ಟಿಯೊಂದು ಅಲ್ಲಿ ಉಂಟು. ಅದರಲ್ಲಿ ಪ್ರಧಾನವಾದ ಜಾತಿಗೆ ಹ್ಯೂಸ್ಟನ್ ಬ್ಲ್ಯಾಕ್ ಎಂದು ಹೆಸರು. ಸುಮಾರು 15 ಲಕ್ಷ ಎಕರೆಗಳ ಹರವುಳ್ಳ ಈ ಮಣ್ಣನ್ನೇ ಟೆಕ್ಸಾಸಿನವರು ತಮ್ಮ ಸಂಸ್ಥಾನದ ಮಣ್ಣೆಂದು ಗೌರವಿಸಿರುವರು. ಹೆಸರು ಹ್ಯೂಸ್ಟನ್ನಿನದಾದರೂ ಆ ನಗರದ ಕೆಳಗಿರುವುದು ಅದರ ದಾಯಾದಿಯಾದ, ಅಲ್ಲಿಯ ಜನ ಗಂಬೋ ಎಂದು ಕರೆಯುವ ಇನ್ನೊಂದು ಜೇಡಿ. ಭೂವಿಜ್ಞಾನಿಗಳು ನಮ್ಮ ಎರೆಯನ್ನೂ ಅವರ ಹ್ಯೂಸ್ಟನ್ ಬ್ಲ್ಯಾಕನ್ನೂ ವರ್ಟಿಸಾಲ್ ಎಂಬ ಒಂದೇ ಗೋತ್ರಕ್ಕೆ ಸೇರಿಸುತ್ತಾರೆ. ಮಳೆ ಬಿದ್ದರೆ ಉಬ್ಬುವುದು, ಬೇಸಿಗೆ ಬಂದರೆ ಕುಗ್ಗಿ ಬಿರಿಯುವುದು, ಎತ್ತಿನ ಕಾಲು ಸಿಕ್ಕಿಕೊಳ್ಳುವಷ್ಟು ಆಳಕ್ಕೆ ಬಾಯಿಬಿಡುವುದು ಈ ಗೋತ್ರದ ಸ್ವಭಾವ. ನಮ್ಮಲ್ಲಿಯಂತೆ ಅಲ್ಲಿಯೂ ಈ ಮಣ್ಣು ಹತ್ತಿಯನ್ನು ಬೆಳೆದು, ಒಂದು ಕಾಲಕ್ಕೆ ಡಲ್ಲಾಸನ್ನು ಹೆಸರಾಂತ ಹತ್ತಿಯ ಪೇಟೆಯನ್ನಾಗಿ ಮಾಡಿತ್ತು. ಈಗ ಹತ್ತಿಯ ಹೊಲಗಳ ಮೇಲೆ ಮನೆಗಳು ಬೆಳೆದಿವೆ. ಮಣ್ಣು ಮಾತ್ರ ತನ್ನ ಹಳೆಯ ಚಾಳಿಯನ್ನು ಬಿಟ್ಟಿಲ್ಲ. ಆಗಸ್ಟ್ ತಿಂಗಳಿನ ಉರಿಬಿಸಿಲಿನಲ್ಲಿ ಡಲ್ಲಾಸಿನ ಗೃಹಸ್ಥರು ತೂತುಗಳುಳ್ಳ ರಬ್ಬರು ಕೊಳವೆಯನ್ನು ಮನೆಯ ಸುತ್ತ ಹಾಸಿ, ಗಿಡಕ್ಕಲ್ಲ, ಅಡಿಪಾಯಕ್ಕೆ ನೀರು ಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿಡದಿದ್ದರೆ ಮಣ್ಣು ಕುಗ್ಗಿ, ಮನೆ ಒಂದು ಮೂಲೆಗೆ ಕುಸಿದು, ಬಾಗಿಲುಗಳು ಚೌಕಟ್ಟಿನಲ್ಲಿ ಕೂಡದಾಗುವುವು.

ಆ ಊರಿನಲ್ಲಿ ನೆಲಸಿರುವ ನಮ್ಮ ಅಕ್ಕನ ಮಗಳು, ಮನೆಯ ಮುಂದೆ ಇಡಲು ಒಂದು ಚುಕ್ಕಿ ರಂಗೋಲಿಯ ಮೊಸಾಯಿಕನ್ನು ಮಾಡಬೇಕೆಂದು ಹೊರಟಾಗ, ನೆಲಕ್ಕೇ ನೇರವಾಗಿ ಕೂಡಿಸಬಾರದೇ ಎಂದು ನಾನು ಕೇಳಿದ್ದುಂಟು. ಇಪ್ಪತ್ತು ವರ್ಷ ಪರದೇಶದಲ್ಲಿದ್ದರೂ ಧಾರವಾಡದ ಮಾತನ್ನು ಕೈಬಿಡದ ಆಕೆ ಕೊಟ್ಟ ಉತ್ತರ ಹೀಗಿತ್ತು: "ಮಾಮಾ, ನಮ್ಮ ಕಡೆ ಮನಿ ಕಟ್ಟೂ ಮುಂದ ಎರಿ ತಗದು ಗರಸು ತುಂಬತಿದ್ರು. ಇಲ್ಲೆ ಎರಿ ಮ್ಯಾಲೇ ಕಾಂಕ್ರೀಟ್ ಹಾಸಿ ಮನಿ ನಿಲ್ಲಸ್ತಾರ್ರೀ. ನೆಲ ಅಳ್ಳಾಡಿದ್ರ ಅದರ ಜೋಡಿ ಚಿತ್ರಾನೂ ಸೀಳತದ. ಹಲಗಿ ಮ್ಯಾಲೆ ಮಾಡಿದ್ರ ನೆಲದ ಹಂಗಿಲ್ಲ." ಹಲಗೆಯೆಂದರೆ ಮರದ ಹಲಗೆಯಲ್ಲ, ಸಿಮೆಂಟು ಮತ್ತು ಗಾಜಿನ ನಾರಿನಿಂದ ಮಾಡಿದ, ಸ್ನಾನದ ಮನೆಯ ಬಿಲ್ಲೆಗಳ ಹಿಂದೆ ಹಾಕುವ, ಅರ್ಧ ಅಂಗುಲ ದಪ್ಪದ ಹಲಗೆ. ಆ ದೇಶದ ಮನೆಗಳ ಒಳಗೋಡೆಗಳೋ ಎರಡು ಕಾಗದಗಳ ನಡುವೆ ಜಿಪ್ಸಮ್ಮನ್ನು ತುಂಬಿದ ಹಗುರವಾದ ರಚನೆಗಳು. ಅವುಗಳ ಮೇಲೆ ಗಾಜಿನ ಭಾರವನ್ನು ಹೇರುವುದು ಯುಕ್ತವಲ್ಲ. ಬಾಡಿಗೆಯ ಮನೆಯಾದರಂತೂ ಮುಂಗಡದ ಹಣಕ್ಕೆ ಸಂಚಕಾರ.

ಈ ಮಾತನ್ನು ಕೇಳಿದಂದಿನಿಂದ ನನ್ನ ಮನಸ್ಸಿನಲ್ಲಿ ಬಲಿತ ಅಭಿಪ್ರಾಯವನ್ನು ಇಲ್ಲಿಯೇ ನಿವೇದಿಸಿಬಿಡುತ್ತೇನೆ. ಮೊಸಾಯಿಕನ್ನು ಹೊಸದಾಗಿ ಕಲಿಯುವವರೆಲ್ಲರೂ ತಮ್ಮ ಪ್ರೀತಿಯನ್ನು ಚೂರುಗಳಿಗೆ ಧಾರೆಯೆರೆಯುವರು. ಬಣ್ಣ ಬಣ್ಣದ ಗಾಜಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವರು. ಆದರೆ ಈ ಕಲೆಯ ಬಾಳುವೆ ನಿಂತಿರುವುದು ಚೂರಿನ ಕೆಳಗಿನ ಹಾಸಿನಲ್ಲಿ, ಅದರ ಚೆಲುವು ನಿಂತಿರುವುದು ಚೂರು ಚೂರುಗಳ ನಡುವಣ ಸಂದಿನಲ್ಲಿ. ಇದು ಅತಿಶಯೋಕ್ತಿಯೆಂದು ತೋರಿದರೆ ಲೆಕ್ಕ ಹಾಕಿ ನೋಡಬಹುದು. ಒಂದು ಸೆಂಟಿಮೀಟರು ಚದರದ ಚೂರುಗಳನ್ನು ಎರಡು ಮಿಲಿಮೀಟರು ಸಂದು ಬಿಟ್ಟು ಜೋಡಿಸಿದ್ದಾದರೆ, ಒಟ್ಟು ಮೇಲ್ಮೈಯಲ್ಲಿ ನೂರಕ್ಕೆ 30ರಷ್ಟು ಪಾಲು ಸಂದಿನದೇ ಆಗುವುದು. ಚೂರು ಎರಡು ಸೆಂಟಿಮೀಟರಿನದಾದರೆ 17ರಷ್ಟು. ಚಿತ್ರದ ಮೂರರಲ್ಲೊಂದು ಭಾಗಕ್ಕೆ ಸಮೀಪವಾದ ಈ ಕ್ಷೇತ್ರವನ್ನು ಕುರಿತು ಯೋಚಿಸದೆ ಚಿತ್ರ ಬರೆಯಲು ಕುಳಿತವನು ಕಾಗದದ ಬಣ್ಣವನ್ನೇ ನೋಡದೆ ಬರೆಯಹೊರಟಂತಾಗುವುದು.

ನಮ್ಮ ನಾಡಿನ ಕುಶಲಕರ್ಮಿಗಳಿಗೆ ಚೂರು ಕೂಡಿಸುವ ವಿದ್ಯೆ ಹೊಸದಲ್ಲ. ಆದರೆ ಅವರ ಆದರ್ಶ ಬೇರೆ. ಬೀದರದ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಯ ಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂಡಿಸಿರುವುದನ್ನು ನೋಡಿರಿ. ಮೈಸೂರಿನ ಬೀಟೆಯ ಮರದ ಕುಸುರಿಯನ್ನು ನೋಡಿರಿ. ಅಲ್ಲಿ ಕಲ್ಲಿಗೂ ಚಿಪ್ಪಿಗೂ, ಮರಕ್ಕೂ ಮರಕ್ಕೂ ನಡುವೆ ಉಗುರು ಸಿಕ್ಕದು; ಸಂದು ಕಾಣದಿರುವುದೇ ಅಲ್ಲಿಯ ಹಿರಿಮೆ. ಮೊಸಾಯಿಕ್ ಅದಕ್ಕೆ ತದ್ವಿರುದ್ಧ. ಅದು ಸಂದನ್ನು ಮರೆಮಾಚುವುದಿಲ್ಲ, ಮೆರೆಸುತ್ತದೆ. ಇನ್ನು ಹಾಸಿನ ಮಾತು. ಅದೇ ಬೀದರದಲ್ಲಿ, 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನು ಕಟ್ಟಿಸಿದ ಮದರಸಾದ ಮುಂಭಾಗಕ್ಕೆ ಹೊದಿಸಿದ್ದ ಹೊಳಪು ಬಿಲ್ಲೆಗಳಲ್ಲಿ ಬಹುಪಾಲು ಉದುರಿಹೋಗಿವೆ. 17ನೆಯ ಶತಮಾನದ ಕೊನೆಗೆ ಅಲ್ಲಿ ಸಂಭವಿಸಿದ ಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಪಾರ್ಶ್ವವೇ ಹಾರಿಹೋಯಿತು. ಉಳಿದ ನೀಲಿ, ಹಸಿರು, ಬಿಳಿಯ ಬಿಲ್ಲೆಗಳನ್ನು ಅಂಗಳದಲ್ಲಿ ನಿಂತು ನೋಡಿದಾಗ ನನಗೆ ಆಶ್ಚರ್ಯವಾದದ್ದು ಬಣ್ಣದ ಶೋಭೆಯಲ್ಲಿ ಅಷ್ಟಾಗಿ ಅಲ್ಲ, ಐದು ನೂರು ವರ್ಷಗಳ ಮಳೆ ಬಿಸಿಲುಗಳನ್ನು ತಡೆದು ಅವನ್ನು ಗೋಡೆಗೆ ಹಿಡಿದಿಟ್ಟಿರುವ ಸುಣ್ಣದ ಗಾರೆಯಲ್ಲಿ.

ಇನ್ನು ಅಕ್ಕನ ಮಗಳ ಹಲಗೆಗೆ ಬರೋಣ. ಎರಡು ಅಡಿ ಚದರ. ರಂಗೋಲಿ ಏಳರಿಂದ ನಾಲ್ಕರ ಸಂದುಚುಕ್ಕಿಯದು. ಎಂದರೆ ನಡುವಿನ ಸಾಲಿಗೆ ಏಳು ಚುಕ್ಕಿ, ಮೇಲಕ್ಕೂ ಕೆಳಕ್ಕೂ ಆರು, ಐದು, ನಾಲ್ಕು, ಒಟ್ಟು 37. ನಮ್ಮ ಹೆಂಗಸರು ಬೆಳಗಿನ ಜಾವದಲ್ಲಿ ಅಂಗಳ ಸಾರಿಸಿ ನಿಮಿಷಾರ್ಧದಲ್ಲಿ ಇಟ್ಟುಬಿಡುವ ಈ ಚುಕ್ಕಿಗಳು ಗಣಿತದ ಕಟ್ಟಡವೊಂದರ ಕಂಬಗಳೆಂಬುದು ಸಿಮೆಂಟಿನ ಹಲಗೆಯ ಮೇಲೆ ಅಳತೆಪಟ್ಟಿ ಹಿಡಿದು ಗುರುತು ಹಾಕುವಾಗ ನನಗೆ ಮನದಟ್ಟಾಯಿತು. ಚುಕ್ಕಿಯಿಂದ ಚುಕ್ಕಿಗೆ ಮೂರು ಅಂಗುಲ. ಚುಕ್ಕಿಗಳನ್ನು ಸುತ್ತಿಬರುವ ಎಳೆ ಬಾಗಿ ಬಾಗಿ ಹೋಗಬೇಕಾದುದರಿಂದ, ಚೌಕಾಕಾರದ ಚೂರುಗಳಿಂದ ಅದನ್ನು ಕಟ್ಟಿದರೆ ಮೂಲೆ ಮೂಲೆಯಾಗಿ ಕಾಣುವುದು. ಈ ತೊಡಕಿಗೆ ಆಕೆ ಕಂಡುಕೊಂಡ ಪರಿಹಾರ ನನ್ನನ್ನು ಬೆರಗುಗೊಳಿಸಿತು: ಬಳೆಗಳು. ಎರಡು-ನಾಲ್ಕರ ಅಳತೆಯ ಗಾಜಿನ ಬಳೆಯ ಒಳವ್ಯಾಸ ಎರಡೂಕಾಲು ಅಂಗುಲ. ಮೂರು ಅಂಗುಲ ಅಂತರದ ಚುಕ್ಕಿಗಳ ಸುತ್ತ ಅದು ಸರಾಗವಾಗಿ ಕೂಡುವುದು. ಊರಿಂದ ಬಂದವರೆಲ್ಲ ಅರಿಸಿನ ಕುಂಕುಮದ ಜೊತೆಗೆ ತಂದುಕೊಟ್ಟು, ಹಾಕಿಕೊಳ್ಳುವ ಸಂದರ್ಭವೇ ಬಾರದೆ ಪೆಟ್ಟಿಗೆಯಲ್ಲಿ ಉಳಿದಿದ್ದ ಹಸಿರು ಬಳೆಗಳ ಡಜನುಗಳಿಗೆ ಕೊನೆಗೂ ಒಂದು ಪ್ರಯೋಜನ ದೊರೆಯಿತು.

ಆದರೆ ಬಳೆಯನ್ನು ತುಂಡು ಮಾಡುವುದು ಸುಲಭಸಾಧ್ಯವಲ್ಲ. ಇಕ್ಕಳದಿಂದ ಅದುಮಿದರೆ ಅದು ತನಗೆ ತೋರಿದ ಕಡೆ ಮುರಿಯುವುದು. ಬೇಕಾದ ಜಾಗದಲ್ಲಿ ಸಣ್ಣ ಅರದಿಂದ ಒಂದು ಗೀಟು ಎಳೆದು, ಗೀಟನ್ನು ಹೊರಮುಖವಾಗಿ ಹಿಡಿದು, ಎರಡು ಹೆಬ್ಬೆರಳುಗಳನ್ನೂ ಅದರ ಹಿಂದೆ ಒತ್ತಾಗಿ ಊರಿ, ಬಗ್ಗಿಸುವವನಂತೆ ಒತ್ತಿದರೆ ಟಿಣ್ಣೆಂದು ನೇರವಾಗಿ ಬೇರ್ಪಡುವುದು. ಒಂದು ಬಳೆಗೆ ನಾಲ್ಕು ಕಮಾನು. ಹೀಗೆ ಮುರಿಯುತ್ತಿದ್ದಾಗ ಅಲ್ಲಿಗೆ ಬಂದಿದ್ದ ನಮ್ಮ ಅಕ್ಕನ ಮುಖ ಸಣ್ಣದಾಯಿತು. ಬಳೆ ಒಡೆಯಿತೆಂಬ ಮಾತನ್ನು ಬಾಯಲ್ಲಿ ಆಡದ, ಬಿರುಕುಬಿಟ್ಟ ಬಟ್ಟಲನ್ನು ಒಂದು ದಿನವೂ ಮನೆಯಲ್ಲಿಡದ ಸಂಪ್ರದಾಯ ಆಕೆಯದು. "ಒಡದದ್ದು ಮನ್ಯಾಗ ಇಡಬಾರದವಾ" ಎಂದಳು. ಮಗಳು, "ಇದು ಒಡದದ್ದಲ್ಲವ್ವಾ, ಕೊರದದ್ದು" ಎಂದಳು. ಈ ಸೂಕ್ಷ್ಮ ವ್ಯತ್ಯಾಸವನ್ನು ಅಕ್ಕ ಅಂಗೀಕರಿಸಿದಳೋ ಇಲ್ಲವೋ ಹೇಳಲಾರೆ. ಸ್ವಲ್ಪ ಹೊತ್ತಿನ ಮೇಲೆ ಅರವನ್ನು ತಾನೇ ಕೈಗೆ ತೆಗೆದುಕೊಂಡಳು.

ಹಿನ್ನೆಲೆಗೆ ಬೇಕಾದ ಬಿಳಿ, ಮಾಸಲು ನೀಲಿಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಸಿಗುವ ಪಿಂಗಾಣಿ ತಟ್ಟೆಗಳಿಂದ ಬಂದುವು. ಕೆಂಪು ಹಳದಿಗಳಿಗೆ ಮುಕ್ಕಾಲು ಅಂಗುಲದ ಗಾಜಿನ ಬಿಲ್ಲೆಗಳು. ಆ ಬಿಲ್ಲೆಗಳನ್ನು ಇಡಿಯಾಗಿ ಹಾಕಿದರೂ ಎರಡು ಅಡಿ ಚದರಕ್ಕೆ 800ರಷ್ಟು ಬೇಕು. ನಾಲ್ಕು ಮಾಡಿ ಹಾಕಿದರೆ 3000ವನ್ನು ದಾಟುವುದು. ಸಂಖ್ಯೆಯನ್ನು ಕೇಳಿ ಹೆದರಬೇಕಾಗಿಲ್ಲ. ಗಾಜನ್ನು ಕತ್ತರಿಸುವ ಇಕ್ಕಳಕ್ಕೆ ಹಲ್ಲುಗಳ ಬದಲು ಎರಡು ಪುಟ್ಟ ಗಾಲಿಗಳಿರುವುವು, ಅವುಗಳ ನಡುವೆ ಬಿಲ್ಲೆಯ ಅಂಚನ್ನು ಮಾತ್ರ ಕಚ್ಚಿಸಿ ಒತ್ತಿದರೆ ಸೀಳು ತಾನಾಗಿ ಆ ಕಡೆಯವರೆಗೆ ಓಡುವುದು. ಒಳಗೆ ಆಳವಾಗಿ ಕಚ್ಚಿಸಿದರೆ ಪುಡಿಯಾಗುವುದು. ತಟ್ಟೆಯ ವಿಚಾರ ಬೇರೆ: ಅದರ ತಳದ ಬಳೆಯಂಥ ಕಾಲನ್ನು ಮೊದಲು ಬಿಡಿಸಿ, ಅಂಚಿನ ಬಾಗನ್ನು ಬದಿಗಿರಿಸಿ, ನಡುವಿನ ಮಟ್ಟಸವಾದ ಭಾಗವನ್ನು ಉಪಯೋಗಿಸಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕವನ್ನು ಹಾಕದೆ ಒಂದು ಚೂರನ್ನೂ ಕತ್ತರಿಸಕೂಡದು. ಈ ಒಂದು ವಿಷಯದಲ್ಲಿ ನನಗೆ ದಾಕ್ಷಿಣ್ಯವಿಲ್ಲ. ಗಾಜಿನ ಸಿಬಿರು ಹಾರುವ ವೇಗಕ್ಕೆ ರೆಪ್ಪೆ ಮುಚ್ಚುವ ವೇಗ ಸರಿಸಾಟಿಯಲ್ಲ.

ಚೂರುಗಳನ್ನು ಯಾವ ದಿಕ್ಕಿನಲ್ಲಿ ಹರಿಯಿಸಬೇಕೆಂಬುದು ಇದಕ್ಕಿಂತ ಗಹನವಾದ ಪ್ರಶ್ನೆ. ಪ್ರಾಚೀನ ರೋಮನರು ಇದಕ್ಕೊಂದು ಶಾಸ್ತ್ರವನ್ನೇ ಬೆಳೆಸಿದ್ದರು. ಆಕೃತಿಯ ಹೊರರೇಖೆಯನ್ನು ಅನುಸರಿಸಿ ಒಂದೆರಡು ಸಾಲುಗಳನ್ನು ಹಾಕಿ, ಅನಂತರವೇ ಹಿನ್ನೆಲೆಯನ್ನು ತುಂಬುತ್ತಿದ್ದರು. ಹಾಗೆ ಮಾಡಿದಾಗ ಸಂದುಗಳು ಒಂದರ ಹಿಂದೊಂದು ಸೇರಿ ಗೆರೆಯಾಗಿ, ಆ ಗೆರೆ ಆಕೃತಿಗೆ ಚಲನೆಯನ್ನು ಕೊಡುವುದು. ಸಂದುಗಳು ಅಡ್ಡಾದಿಡ್ಡಿಯಾದರೆ ಕಣ್ಣು ಎಲ್ಲಿಯೂ ನಿಲ್ಲದೆ ತತ್ತರಿಸುವುದು.

ಈ ಸತ್ಯವನ್ನು ದೊಡ್ಡ ಪ್ರಮಾಣದಲ್ಲಿ ಕಾಣಬೇಕೆಂದರೆ ಡಲ್ಲಾಸಿನ ಕಲಾ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಮೆಕ್ಸಿಕೋದ ಚಿತ್ರಕಾರ ಮಿಗೆಲ್ ಕೋವರುಬಿಯಾಸ್ ಎಂಬವನು 1954ರಲ್ಲಿ ಆ ನಗರದ ಒಂದು ವಾಣಿಜ್ಯ ಕಟ್ಟಡಕ್ಕಾಗಿ ರಚಿಸಿದ, 60 ಅಡಿ ಉದ್ದ 12 ಅಡಿ ಎತ್ತರದ ಗಾಜಿನ ಮೊಸಾಯಿಕ್ ಈಗ ಆ ಸಂಗ್ರಹಾಲಯದ ಹೊರಗೋಡೆಯನ್ನು ಅಲಂಕರಿಸಿದೆ. ಸೃಷ್ಟಿ ಎಂದು ಅದರ ಹೆಸರು. ನೀರು, ಮಣ್ಣು, ಬೆಂಕಿ, ಗಾಳಿಗಳೆಂಬ ನಾಲ್ಕು ಭೂತಗಳೇ ಅಲ್ಲಿಯ ವಸ್ತು. ನಮ್ಮ ಐದನೆಯದಾದ ಆಕಾಶವನ್ನು ಆತ ಬಿಟ್ಟಿದ್ದಾನೆ, ಟೆಕ್ಸಾಸಿನಲ್ಲಿ ತಲೆಯ ಮೇಲೆ ಅದು ಧಾರಾಳವಾಗಿ ಇರುವುದರಿಂದ ಬೇಡವೆನಿಸಿರಬಹುದು! ಬೀದಿಯ ಬಿಸಿಲು ಅದರ ಮೇಲೆ ಬಿದ್ದಾಗ, ಆ ಜ್ವಾಲೆಗಳೂ ಅಲೆಗಳೂ ದೂರಕ್ಕೆ ಅಖಂಡವಾಗಿ ಕಂಡು, ಹತ್ತಿರ ಹೋದಂತೆಲ್ಲ ಬಿಲ್ಲೆ ಬಿಲ್ಲೆಯಾಗಿ ಬಿಡಿಸಿಕೊಳ್ಳುವ ವಿನೋದವನ್ನು ಮಕ್ಕಳು ಹಿಂದೆ ಮುಂದೆ ನಡೆದು ನೋಡುತ್ತಿರುತ್ತಾರೆ.

ಅದೇ ಸಂಗ್ರಹಾಲಯಕ್ಕೆ ಸಂಬಂಧಿಸಿದ ಇನ್ನೊಂದು ವೃತ್ತಾಂತವನ್ನು ಹೇಳದೆ ಮುಂದುವರಿಯಲಾರೆ. ಕ್ರಿ.ಶ. 194ರಲ್ಲಿ, ಈಗ ತುರ್ಕಿ ದೇಶಕ್ಕೆ ಸೇರಿರುವ ಎಡೆಸ್ಸಾ ಎಂಬ ಪಟ್ಟಣದಲ್ಲಿ, ವೀಣೆ ನುಡಿಸುವ ಗ್ರೀಕ್ ಪುರಾಣದ ಆರ್ಫಿಯಸನ ಸುತ್ತ ಕಾಡುಮೃಗಗಳು ಮೈಮರೆತು ನಿಂತಿರುವ ನೆಲಚಿತ್ರವೊಂದನ್ನು ಯಾರೋ ಮಾಡಿಸಿದರು. ಮಾಡಿದ ಶಿಲ್ಪಿ ಬಾರ್ ಸಾಗೆದ್ ಎಂಬವನು ತನ್ನ ಹೆಸರನ್ನೂ ಸಿರಿಯಾಕ್ ಲಿಪಿಯಲ್ಲಿ ಚೂರುಗಳಿಂದಲೇ ಬರೆದಿಟ್ಟನು. ಡಲ್ಲಾಸಿನವರು ಅದನ್ನು 1999ರಲ್ಲಿ ಹರಾಜಿನಲ್ಲಿ ಕೊಂಡರು. ಅನಂತರ, ಅದನ್ನು ನೆಲದಿಂದ ಕಳ್ಳತನದಲ್ಲಿ ಕಿತ್ತದ್ದೆಂಬುದಕ್ಕೆ ಅದು ಸ್ವಸ್ಥಾನದಲ್ಲಿದ್ದಾಗಿನ ಛಾಯಾಚಿತ್ರಗಳೇ ಸಾಕ್ಷಿ ನುಡಿದುವು. 2012ರಲ್ಲಿ ಸಂಗ್ರಹಾಲಯ ಅದನ್ನು ತುರ್ಕಿಗೆ ಮರಳಿಸಿತು. ಇಂಥ ನೆಲಚಿತ್ರ ಒಂದೂಮುಕ್ಕಾಲು ಸಾವಿರ ವರ್ಷಕ್ಕೂ ಮಿಕ್ಕು ಬಾಳಿದ್ದು ರೋಮನರು ಅದರ ಕೆಳಗೆ ಹಾಸುತ್ತಿದ್ದ ಜಲ್ಲಿ, ಸುಣ್ಣ, ಇಟ್ಟಿಗೆಪುಡಿಗಳ ಪದರಗಳ ಪುಣ್ಯದಿಂದ. ನಮ್ಮ ಹಳೆಯ ಮನೆಗಳ ಗಚ್ಚಿನ ನೆಲವನ್ನು ಬಲ್ಲವರಿಗೆ ಈ ಪಾಕ ಬಿಡಿಸಿ ಹೇಳಬೇಕಾದುದಲ್ಲ.

ಆಸ್ಟಿನ್ನಿನ ಶಾಸನಭವನದ ಗುಮ್ಮಟದ ಕೆಳಗೆ 1936ರಲ್ಲಿ, ಟೆಕ್ಸಾಸಿನ ಶತಮಾನೋತ್ಸವದ ಸಂದರ್ಭದಲ್ಲಿ, ಹಾಸಿದ ಟೆರಾಜೊ ನೆಲ ನಮ್ಮ ಬೆಂಗಳೂರು ಮೈಸೂರುಗಳ ಮನೆಗಳ ಮೊಸಾಯಿಕ್ ನೆಲದ ಬಂಧುವೇ. ನಡುವೆ ನಕ್ಷತ್ರವುಳ್ಳ ಟೆಕ್ಸಾಸ್ ಗಣರಾಜ್ಯದ ಮುದ್ರೆ, ಸುತ್ತ ಆ ಭೂಮಿಯನ್ನಾಳಿದ ಇನ್ನೈದು ರಾಷ್ಟ್ರಗಳ ಮುದ್ರೆಗಳು. ನೋಡತಕ್ಕದ್ದು. ಆದರೆ ಮನೆಯಲ್ಲಿ ಕೈಯಿಂದ ಮಾಡುವವರಿಗೆ ಅದರಿಂದ ಕಲಿಯತಕ್ಕದ್ದು ಕಡಿಮೆ, ಏಕೆಂದರೆ ಅದು ಉಜ್ಜುವ ಯಂತ್ರದ ಕೆಲಸ.

ಮನೆಯವರ ಕೈಚಳಕಕ್ಕೆ ಹ್ಯೂಸ್ಟನ್ ನಗರವೇ ತವರು. ಅಲ್ಲಿ ಜೆಫ್ ಮೆಕಿಸ್ಸಾಕ್ ಎಂಬ ಅಂಚೆಯವನೊಬ್ಬನಿದ್ದನು. ಕಿತ್ತಳೆಹಣ್ಣೇ ಮಾನವನಿಗೆ ಪರಿಪೂರ್ಣ ಆಹಾರವೆಂದು ನಂಬಿದ್ದ ಆತ, ಆ ಹಣ್ಣಿನ ಗೌರವಾರ್ಥವಾಗಿ ತನ್ನ ಮನೆಯೆದುರಿನ ನಿವೇಶನದಲ್ಲಿ 1956ರಿಂದ ಮೊದಲುಗೊಂಡು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಬ್ಬನೇ ದುಡಿದು, ಕಾಂಕ್ರೀಟು, ಬಿಲ್ಲೆ, ಬಂಡಿಯ ಚಕ್ರ, ಕಬ್ಬಿಣದ ಸರಳುಗಳಿಂದ ಒಂದು ವಿಚಿತ್ರ ಸ್ಮಾರಕವನ್ನು ಕಟ್ಟಿ 1979ರಲ್ಲಿ ಜನಕ್ಕೆ ತೆರೆದಿಟ್ಟು, ಮರುವರ್ಷವೇ ತೀರಿಕೊಂಡನು. ಅದೇ ನಗರದ ಜಾನ್ ಮಿಲ್ಕೋವಿಶ್ ರೈಲ್ವೆಯಲ್ಲಿ ಆಸನಗಳಿಗೆ ಮೆತ್ತೆ ಹೊದಿಸುವ ಕೆಲಸದವನು; ಹುಲ್ಲು ಕತ್ತರಿಸುವುದು ಬೇಸರವಾಗಿ 1968ರಲ್ಲಿ ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿಸಿ, ಅದರಲ್ಲಿ ಸಾವಿರಾರು ಗೋಲಿಗಳನ್ನೂ ಕಲ್ಲುಗಳನ್ನೂ ಲೋಹದ ಚೂರುಗಳನ್ನೂ ಹುದುಗಿಸಿದನು. ಅಷ್ಟಕ್ಕೇ ನಿಂತಿದ್ದರೆ ಆತ ಮೊಸಾಯಿಕ್‌ಗಾರನಾಗಿ ಉಳಿಯುತ್ತಿದ್ದನು. ಆದರೆ ಕುಡಿದು ಖಾಲಿಮಾಡಿದ ಬೀರಿನ ಡಬ್ಬಿಗಳನ್ನು ಮನೆಗೆಲ್ಲ ಹೊದಿಸಿ ಬೇರೊಂದು ಬಗೆಯ ಕೀರ್ತಿಯನ್ನು ಸಂಪಾದಿಸಿದನು. ಸೋಮಾರಿತನವೂ ಕಲೆಯ ತಾಯಿಯಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಗೊತ್ತಿಲ್ಲ.

ಮೆಕಿಸ್ಸಾಕನ ಸ್ಮಾರಕಕ್ಕೆ ಒತ್ತಿಕೊಂಡೇ ಸ್ಮಿದರ್ ಪಾರ್ಕ್ ಎಂಬ ಉದ್ಯಾನವಿದೆ. ಜನಸಾಮಾನ್ಯರ ಕಲೆಯ ಸಂಗ್ರಾಹಕನಾಗಿದ್ದ ಜಾನ್ ಸ್ಮಿದರನ ನೆನಪಿಗಾಗಿ ಆತನ ಮಡದಿಯ ಆಸ್ಥೆಯಿಂದ ರೂಪುಗೊಂಡ, ಡ್ಯಾನ್ ಫಿಲಿಪ್ಸ್ ಎಂಬ ಗೃಹಶಿಲ್ಪಿ ಯೋಜಿಸಿದ ಆ ಉದ್ಯಾನದ ಉದ್ದನೆಯ ಗೋಡೆಯನ್ನು ಅಂಕಣಗಳಾಗಿ ಹಂಚಿ ಒಬ್ಬೊಬ್ಬ ಕಲಾವಿದರಿಗೆ ಒಂದೊಂದನ್ನು ಕೊಟ್ಟಿದ್ದಾರೆ. ಚಹಾದ ಬಟ್ಟಲಿನ ಕಿವಿ, ಕನ್ನಡಿಯ ತುಣುಕು, ಚಿಪ್ಪು, ಆಟಿಕೆ, ಸೀಸೆಯ ಬುಡ, ಯಾವುದೂ ಅಲ್ಲಿ ತ್ಯಾಜ್ಯವಲ್ಲ. ಬಾಯಿ ತೆರೆದ ಮಹಾಮತ್ಸ್ಯದ ರೂಪದ ರಂಗಮಂಟಪವೂ ಅಲ್ಲುಂಟು. ಹ್ಯೂಸ್ಟನ್ನಿನ ಕನ್ನಡ ವೃಂದದ ಪರಿಚಯದವರೊಬ್ಬರು ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದರು, ಅವರ ಪುಟ್ಟ ಮಗಳು ಗೋಡೆಗೆ ಮೂಗು ತಾಗಿಸಿ, ಅದರೊಳಗಿದ್ದ ಒಂದು ಚಮಚವನ್ನು ಗುರುತು ಹಿಡಿದು, "ಅಪ್ಪಾ, ಇದು ನಮ್ಮ ಮನೇಲಿರೋದೇ!" ಎಂದು ಕೂಗಿದಳು. ಅರಮನೆಯ ಮೊಸಾಯಿಕನ್ನು ಕಂಡು ಯಾವ ಮಗುವೂ ಹಾಗೆ ಕೂಗಲಾರದು.

ಮೂರು ನಗರಗಳೂ ಒಂದೇ ಸಂಸ್ಥಾನದವಾದರೂ ಅಂಟಿನ ವಿಷಯದಲ್ಲಿ ಒಂದೇ ಸೂತ್ರ ನಡೆಯದು. ಹ್ಯೂಸ್ಟನ್ನಿಗೆ ಕೊಲ್ಲಿಯ ತೇವ. 2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತ ಬಂದಾಗ ಕೆಲವು ಕಡೆ 40 ಅಂಗುಲಕ್ಕೂ ಮೀರಿದ ಮಳೆ ಸುರಿದು ಮನೆಗಳೊಳಗೆ ನೀರು ನಿಂತಿತು. ಅಂಥಲ್ಲಿ ಮರದ ಪುಡಿಯ ಹಲಗೆ ಉಬ್ಬುವುದು, ಶಾಲೆಯ ಮಕ್ಕಳು ಬಳಸುವ ಬಿಳಿಯ ಗೋಂದು ಕರಗುವುದು. ಸಿಮೆಂಟಿನ ಅಂಟೇ ಗತಿ. ಆಸ್ಟಿನ್ನಿನ ಪಶ್ಚಿಮದಲ್ಲಿ ಎರೆ ಮುಗಿದು ಸುಣ್ಣದ ಕಲ್ಲಿನ ಗುಡ್ಡಗಳು ಎದ್ದಿರುವುದರಿಂದ, ಅಲ್ಲಿಯ ಗೃಹಸ್ಥರು ನೆಲಕ್ಕೇ ಬಿಲ್ಲೆ ಕೂಡಿಸುವ ಧೈರ್ಯವನ್ನು ಮಾಡಬಹುದು. ಡಲ್ಲಾಸಿಗೆ ಮಣ್ಣಿನ ಜೊತೆಗೆ ಹಿಮದ ಕಾಟ: 2021ರ ಫೆಬ್ರವರಿ 16ರಂದು ಅಲ್ಲಿಯ ಉಷ್ಣಮಾನ ಸೊನ್ನೆಗೆ 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಗೋಡೆಗೆ ಹಚ್ಚುವ ಸಾಮಾನ್ಯ ಮಣ್ಣಿನ ಬಿಲ್ಲೆ ತನ್ನ ತೂಕದ ನೂರಕ್ಕೆ 7ಕ್ಕಿಂತ ಹೆಚ್ಚು ನೀರು ಕುಡಿಯುವುದು. ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಬಿಲ್ಲೆಯ ಮೇಲಿನ ಹೊಳಪು ಪದರ ಪದರವಾಗಿ ಎದ್ದುಬರುವುದು. ಪೋರ್ಸ್‌ಲೇನ್ ಎಂಬ ಜಾತಿಯದು ನೂರಕ್ಕೆ ಅರ್ಧವನ್ನೂ ಮೀರದು, ಗಾಜು ಕುಡಿಯುವುದೇ ಇಲ್ಲ. ತಟ್ಟೆಗಳ ಜಾತಿಯನ್ನು ಹೇಗೆ ತಿಳಿಯುವುದೆಂದರೆ, ಮುರಿದ ಅಂಚಿಗೆ ಒಂದು ತೊಟ್ಟು ನೀರು ಇಟ್ಟು ನೋಡುವುದು. ಹೀರಿಕೊಂಡರೆ ಅದು ಮನೆಯೊಳಗಿನ ಚಿತ್ರಕ್ಕೆ, ಹಾಗೆಯೇ ನಿಂತರೆ ಹೊರಗಿನದಕ್ಕೆ.

ಅಂಟನ್ನು ಹಲಗೆಗೆಲ್ಲ ಒಮ್ಮೆಗೇ ಬಳಿಯಬಾರದು. ಅರ್ಧ ಗಂಟೆಯಲ್ಲಿ ಚೂರು ಕೂಡಿಸಿ ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಕರಣೆಯಿಂದ ತೆಳುವಾಗಿ ಎಳೆಯಬೇಕು. ಚೂರನ್ನು ಒತ್ತಿದಾಗ ಅಂಟು ಸಂದಿನೊಳಗೆ ಮೇಲೇರಿ ಬಂದರೆ, ಕಡ್ಡಿಯಿಂದ ಕೆದಕಿ ತೆಗೆಯಬೇಕು. ಆ ಜಾಗ ಮುಂದೆ ಬರತಕ್ಕ ಗಾರೆಯ ಸೊತ್ತು. ಬಳೆಯ ತುಂಡುಗಳು ಬಿಲ್ಲೆಗಿಂತ ತುಸು ತೆಳ್ಳಗಿರುವುದರಿಂದ ಅವುಗಳ ಕೆಳಗೆ ಅಂಟು ಕೊಂಚ ಹೆಚ್ಚಬೇಕು. ಇಲ್ಲವಾದರೆ ಸಂದು ತುಂಬುವಾಗ ರಂಗೋಲಿಯ ಎಳೆಯೇ ಮುಳುಗಿಹೋಗುವುದು. ಒಂದು ದಿನ ಪೂರ್ತಿ ಒಣಗಬೇಕು.

ಸಂದಿನ ಬಣ್ಣವನ್ನು ಆರಿಸುವಾಗ ಅಕ್ಕನ ಮಗಳ ಮನೆಯಲ್ಲಿ ನಡೆದ ಚರ್ಚೆ ಸಣ್ಣದಲ್ಲ. ರಂಗೋಲಿಯೆಂದ ಮೇಲೆ ಬಿಳಿಯೇ ಇರಲೆಂದು ಅಕ್ಕ. ಬಿಳಿ ಬಣ್ಣಗಳನ್ನು ಪೇಲವಗೊಳಿಸುವುದೆಂದು ಮಗಳು. ಮಗಳ ಮಾತು ಶಾಸ್ತ್ರಸಮ್ಮತ. ಬಿಳಿಯ ಸಂದು ಬಿಳಿಯ ಚೂರುಗಳೊಡನೆ ಬೆರೆತು ಗೆರೆಯನ್ನು ಅಳಿಸಿ, ಬಣ್ಣದ ಚೂರುಗಳನ್ನು ಒಂದರಿಂದೊಂದು ದೂರ ಮಾಡುವುದು. ಕಡು ಬೂದಿಯದು ತಾನು ಹಿಂದೆ ಸರಿದು ಹಸಿರನ್ನು ಹಸಿರಾಗಿ, ಕೆಂಪನ್ನು ಕೆಂಪಾಗಿ ಮುಂದೆ ನಿಲ್ಲಿಸುವುದು. ಸಾರಿಸಿದ ಅಂಗಳದ ಬಣ್ಣವೂ ಅದೇ ಅಲ್ಲವೇ ಎಂದು ನಾನು ನಡುವೆ ಬಾಯಿಹಾಕಿದ ಮೇಲೆ ಅಕ್ಕ ಸುಮ್ಮನಾದಳು. ಪುಡಿಗೆ ನೀರು ಬೆರಸಿ, ಶ್ರೀಖಂಡದ ಹದಕ್ಕೆ ತಂದು, ಹತ್ತು ನಿಮಿಷ ಬಿಟ್ಟು ಮತ್ತೆ ಕಲಸಬೇಕು. ಸಂದು ಮೂರು ಮಿಲಿಮೀಟರಿಗಿಂತ ಕಿರಿದಾದರೆ ಮರಳಿಲ್ಲದ ಪುಡಿ, ಹಿರಿದಾದರೆ ಮರಳು ಬೆರೆತದ್ದು. ಕಲಸುವಾಗ ಮೂಗಿಗೆ ಬಟ್ಟೆಯಲ್ಲ, ತಕ್ಕ ಮುಖಕವಚವೇ ಬೇಕು. ಆ ಧೂಳು ಶ್ವಾಸಕೋಶಕ್ಕೆ ಕೆಡುಕು. ರಬ್ಬರಿನ ಪಟ್ಟಿಯಿಂದ ಓರೆಯಾಗಿ ಎಳೆದೆಳೆದು ತುಂಬಿದಾಗ ಹಲಗೆಯೆಲ್ಲ ಕೆಸರಿನ ಮುದ್ದೆಯಾಗಿ, ಇಷ್ಟು ದಿನದ ಶ್ರಮ ನೀರುಪಾಲಾಯಿತೆಂದು ಹೊಸಬರ ಎದೆ ಹಾರುವುದು. ಕಾಲು ಗಂಟೆ ಕಾದು, ಹಿಂಡಿದ ಸ್ಪಂಜಿನಿಂದ ಹಗುರವಾಗಿ ಒರಸಿದಂತೆಲ್ಲ ಮೊದಲು ಬಳೆಯ ಹಸಿರು, ಅನಂತರ ಚುಕ್ಕಿಗಳ ಕೆಂಪು, ಕೊನೆಗೆ ತಟ್ಟೆಯ ಮಾಸಲು ನೀಲಿ ಒಂದೊಂದಾಗಿ ಹೊರಬಿದ್ದುವು. ಒರಸಿದ ನೀರನ್ನು ಮನೆಯ ಮೋರಿಗೆ ಸುರಿಯಕೂಡದು. ಸಿಮೆಂಟು ಕೊಳವೆಯೊಳಗೆ ಗಟ್ಟಿಯಾಗಿ ಕೂತರೆ ಅದನ್ನು ಬಿಡಿಸುವ ಖರ್ಚಿನಲ್ಲಿ ಇನ್ನೆರಡು ಹಲಗೆ ಮಾಡಬಹುದು.

ಎರಡನೆಯದನ್ನು ಆಕೆ ಮಾಡಿಯೂಬಿಟ್ಟಳು, ಧಾರವಾಡದ ನಮ್ಮ ಮನೆಯ ತುಳಸಿಕಟ್ಟೆಗಾಗಿ. ಸಿಮೆಂಟಿನ ಹಲಗೆಯ ಭಾರವನ್ನು ವಿಮಾನದವರು ಒಪ್ಪುವುದಿಲ್ಲವಾದುದರಿಂದ, ಚೂರುಗಳನ್ನು ಗಾಜಿನ ನೂಲಿನ ಬಲೆಯ ಮೇಲೆ ಅಂಟಿಸಿ, ಬಲೆಯನ್ನು ನಾಲ್ಕು ಹೋಳು ಮಾಡಿ, ಸೀರೆಗಳ ನಡುವೆ ಮಡಿಸಿಟ್ಟು ಕಳಿಸಿದಳು. ಹೀಗೆ ಬಲೆಯ ಮೇಲೆ ಮಾಡಿದ ಚಿತ್ರವನ್ನು ಎಲ್ಲಿ ಬೇಕಾದರೂ ಒಯ್ದು, ಅಲ್ಲಿಯ ಗೋಡೆಗೆ ಗಾರೆ ಬಳಿದು ಬಲೆಸಹಿತವಾಗಿ ಕೂಡಿಸಬಹುದು. ನಮ್ಮ ಓಣಿಯ ಗೌಂಡಿ, ತಲೆಮಾರಿನಿಂದ ಗಾರೆಯ ಕೆಲಸ ಬಲ್ಲವನು, ನಾಲ್ಕು ಹೋಳುಗಳನ್ನೂ ಕಟ್ಟೆಯ ಮೇಲೆ ಹರವಿ, ಬಗ್ಗಿ ಬಹಳ ಹೊತ್ತು ನೋಡಿ, "ಬಾಳ ಚಂದ ಆಗೇತ್ರಿ. ಆದ್ರ ಸಂದು ಇಷ್ಟ ಅಗಲ ಯಾಕ ಬಿಟ್ಟಾರ? ಒತ್ತಿ ಕುಂದ್ರಸಿದ್ರ ವೈಟ್ ಸಿಮೆಂಟ್ ಉಳೀತಿತ್ತಲ್ರಿ" ಎಂದನು. ಇಷ್ಟು ಹೊತ್ತು ತಮ್ಮ ಮುಂದೆ ನಾನು ಮಂಡಿಸಿದ ವಾದವನ್ನೆಲ್ಲ ಆತನ ಮುಂದೆಯೂ ಮಂಡಿಸಬಹುದಾಗಿತ್ತು. ಆದರೆ ಡಲ್ಲಾಸಿನಲ್ಲಿ ಆಗ ಬೆಳಗಾಗಿತ್ತಾದುದರಿಂದ, ಅಕ್ಕನ ಮಗಳಿಗೆ ಫೋನು ಹಚ್ಚಿ ಆತನ ಕೈಗೇ ಕೊಟ್ಟುಬಿಟ್ಟೆನು.